ಹೊಸ ಯಂತ್ರ ಊರಿಗೆ ಬಂದಾಗ: ಸಂಸ್ಕೃತಿ ಮತ್ತು ತಂತ್ರಜ್ಞಾನದ ಬಗ್ಗೆ ತುಮಕೂರು ಜಿಲ್ಲೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಹಿಳಾ ಸಂಘಗಳ ಲೆಕ್ಕಪುಸ್ತಕ ನೋಡಿಕೊಡುವ ಕೆಲಸದಿಂದ ಶುರುವಾದ ನನ್ನ ಓಡಾಟ ಈಗ ತುಮಕೂರು ಜಿಲ್ಲೆಯ ಹತ್ತೂ ತಾಲ್ಲೂಕುಗಳನ್ನು ಮುಟ್ಟಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದ ಕಾರ್ಯಕರ್ತರು, ಮೊಬೈಲ್ ಆ್ಯಪ್ ಹಿಡಿದು ಹಳ್ಳಿಗೆ ಬರುವ ಕಂಪನಿಗಳ ಹುಡುಗರು ಬಹುಪಾಲು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ನನ್ನದೊಂದು ನಂಬಿಕೆ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜನ ಒಂದು ಯಂತ್ರವನ್ನು ಬೇಡ ಎಂದರೆ ಅದರ ಹಿಂದೆ ಒಂದು ಲೆಕ್ಕ ಇರುತ್ತದೆ: ಯಾರ ಕೆಲಸ ಹೆಚ್ಚಿತು, ಯಾರ ಕೈಯಿಂದ ಹಿಡಿತ ತಪ್ಪಿತು, ಯಾರ ತಟ್ಟೆಯ ರುಚಿ ಕೆಟ್ಟಿತು ಎಂಬ ಲೆಕ್ಕ. ಅದನ್ನು ಕೂಡಿ ಕಳೆದು ನೋಡುವ ತಾಳ್ಮೆ ಹೊರಗಿನಿಂದ ಬಂದವರಿಗೆ ಇರಬೇಕು.

ಹಳ್ಳಿಯವರು ಹೊಸದನ್ನು ಬೇಗ ಒಪ್ಪುವುದಿಲ್ಲ ಎನ್ನುತ್ತಾರೆ. ನಿಜವೇ?

ನಿಜವಲ್ಲ. ಹಾಗೆನ್ನುವವರು ಕೊಳವೆಬಾವಿಯನ್ನು ಮರೆತಿರುತ್ತಾರೆ. ಶಿರಾ, ಮಧುಗಿರಿ, ಪಾವಗಡದ ಬಯಲಿನಲ್ಲಿ ಸಾಲ ಮಾಡಿ, ಒಡವೆ ಅಡವಿಟ್ಟು ಕೊಳವೆಬಾವಿ ಕೊರೆಸಿದವರಿಗೆ ಯಾರೂ ಜಾಥಾ ಮಾಡಿ ತಿಳಿವಳಿಕೆ ಕೊಡಲಿಲ್ಲ. ಮಿಕ್ಸಿಗೂ ಕೊಡಲಿಲ್ಲ, ಮೊಬೈಲಿಗೂ ಕೊಡಲಿಲ್ಲ.

ರಾಗಿಯನ್ನೇ ನೋಡಿ. ರಾಗಿ ಲಕ್ಷ್ಮಣಯ್ಯ ಎಂದೇ ನಾಡು ಕರೆದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಬೆಳೆಸಿದರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲೇ ಇವೆ. ಮಳೆ ನಂಬಿದ ನಮ್ಮ ಹೊಲಗಳಿಗೆ ಆ ರಾಗಿ ಬಂದಿತು, ನೆಲೆಸಿತು. ಒಕ್ಕಲು ಮನೆಯವರು ಹೊಸ ತಳಿಯ ಬಗ್ಗೆ ಕೇಳುವುದು ಇಳುವರಿಯೊಂದನ್ನೇ ಅಲ್ಲ. ಹಿಟ್ಟು ಅಂಟು ಬರುತ್ತದೆಯೇ, ಮುದ್ದೆ ಬಿರಿಯದೆ ಕೂರುತ್ತದೆಯೇ, ದನಕ್ಕೆ ಹುಲ್ಲು ಎಷ್ಟು ಸಿಗುತ್ತದೆ ಎಂದೂ ಕೇಳುತ್ತಾರೆ. ಕಾಳು ಹೆಚ್ಚು ಕೊಟ್ಟು ಹುಲ್ಲು ಕಡಿಮೆ ಕೊಡುವ ತಳಿ ಕಾಗದದ ಮೇಲೆ ಗೆಲ್ಲಬಹುದು. ಎರಡು ಹಸು ಕಟ್ಟಿದ ಮನೆಯಲ್ಲಿ ಅದು ಸೋಲುತ್ತದೆ.

ಹಾಗಾದರೆ ಇಲ್ಲಿ ಸಂಸ್ಕೃತಿ ಎಂದರೆ ಏನು? ಹಬ್ಬ, ಜಾತ್ರೆ, ಕುಣಿತವೇ?

ಅವೂ ಹೌದು. ಆದರೆ ತಂತ್ರಜ್ಞಾನದ ವಿಷಯಕ್ಕೆ ಬಂದಾಗ ನಾನು ನೋಡುವುದು ಇನ್ನೂ ಸಣ್ಣ ಸಂಗತಿಗಳನ್ನು. ಬೆಳಿಗ್ಗೆ ಮೊದಲು ಏಳುವವರು ಯಾರು? ದುಡ್ಡಿನ ಡಬ್ಬ ಯಾರ ಬಳಿ ಇದೆ? ಯಾವ ನೀರಿಗೆ ರುಚಿ ಇದೆ ಎನ್ನುತ್ತಾರೆ? ಯಾರ ಮನೆಯ ಮುಂದೆ ಯಾರು ನಿಲ್ಲಬಹುದು, ಯಾರು ನಿಲ್ಲಲು ಅಳುಕುತ್ತಾರೆ? ಕೆಟ್ಟ ಸಾಮಾನನ್ನು ರಿಪೇರಿ ಮಾಡಿಸಲು ಯಾರನ್ನು ಕರೆಯುತ್ತಾರೆ? ಇವನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ, ಊರಿನವರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದಷ್ಟು ವಿಶೇಷ ಇದರಲ್ಲಿದೆ ಎಂದು ಅವರಿಗೇ ಅನ್ನಿಸಿರುವುದಿಲ್ಲ.

ಪುರ ಗ್ರಾಮದ ಗೋಬರ್ ಗ್ಯಾಸ್ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ನಡೆದದ್ದೇನು?

ಇದನ್ನು ವಿವರವಾಗಿ ಹೇಳಲೇಬೇಕು. ಈ ಜಿಲ್ಲೆ ದೇಶಕ್ಕೆ ಕಲಿಸಿದ ದೊಡ್ಡ ಪಾಠಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನ, ತಂತ್ರಜ್ಞಾನಗಳನ್ನು ಹಳ್ಳಿಗಾಡಿನ ಬದುಕಿಗೆ ಒದಗಿಸುವುದು ಅದರ ಉದ್ದೇಶ. ಅದರ ವಿಸ್ತರಣಾ ಕೇಂದ್ರವನ್ನು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತೆರೆದರು. ಹತ್ತಿರದ ಪುರ ಗ್ರಾಮದಲ್ಲಿ ಇಡೀ ಊರಿಗೆ ಸೇರಿದ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಸಗಣಿಯಿಂದ ಅನಿಲ, ಅನಿಲದಿಂದ ಅಡುಗೆ, ಹೆಂಗಸರಿಗೆ ಸೌದೆಯ ಹೊರೆಯಿಂದ ಬಿಡುಗಡೆ: ಇಷ್ಟು ಯೋಜನೆ. ಒಳ್ಳೆಯ ಮನಸ್ಸಿನವರು ಮಾಡಿದ ಯೋಜನೆ ಅದು, ಆದರೆ ನಿಲ್ಲಲಿಲ್ಲ. ಊರಿನ ದನಗಳ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಕೊಡಲಿಲ್ಲ. ಅರ್ಧ ಬೇಯಿಸಿ ಅರ್ಧ ಬಿಡುವ ಒಲೆಯನ್ನು ಯಾರು ಒಪ್ಪುತ್ತಾರೆ? ಮೇಲಾಗಿ ಸೌದೆಯನ್ನು ಜನ ದುಡ್ಡು ಕೊಡದೆ ಆರಿಸಿಕೊಂಡು ಬರುತ್ತಿದ್ದರು. ದುಡ್ಡು ಉಳಿಯದ ಕಡೆ ಉಳಿತಾಯದ ಮಾತು ಕಿವಿಗೆ ಬೀಳುವುದಿಲ್ಲ.

ಆ ವಿಜ್ಞಾನಿಗಳ ದೊಡ್ಡತನ ಕಾಣುವುದು ಇಲ್ಲಿಂದ ಮುಂದೆ. ‘ಜನರಿಗೆ ಅರ್ಥವಾಗಲಿಲ್ಲ’ ಎಂದು ಬರೆದುಕೊಂಡು ಅವರು ಊರು ಬಿಡಲಿಲ್ಲ. ಊರಿಗೆ ಮೊದಲು ಬೇಕಾದದ್ದು ಏನು ಎಂದು ಮತ್ತೆ ಕೇಳಿದರು. ನೀರು ಎಂಬ ಉತ್ತರ ಬಂತು. 1987ರಲ್ಲಿ ಅದೇ ಸಗಣಿಯ ಅನಿಲವನ್ನು ಡೀಸೆಲ್ ಎಂಜಿನ್‌ಗೆ ಹಾಯಿಸಿ ವಿದ್ಯುತ್ ತೆಗೆದರು. ಆ ವಿದ್ಯುತ್ತಿನಿಂದ ಕುಡಿಯುವ ನೀರು ಮೇಲೆತ್ತಿ ನಲ್ಲಿಗಳಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ಕೊಟ್ಟ ಮನೆಗೆ ಅನಿಲ ತೆಗೆದು ಉಳಿದ ಬಗ್ಗಡ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಸಗಣಿ ಹೊತ್ತು ತಂದವರಿಗೆ ಸಣ್ಣ ಮೊತ್ತದ ಕೂಲಿಯೂ ಸಿಗುತ್ತಿತ್ತು. ಹೊರುವವರು ಯಾರು ಎಂದು ನಮಗೆಲ್ಲ ಗೊತ್ತು. ತಿಪ್ಪೆಗೆ ಹೊತ್ತಾಗ ಲೆಕ್ಕಕ್ಕೇ ಸಿಗದ ಹೆಂಗಸರ, ಮಕ್ಕಳ ದುಡಿಮೆಗೆ ಮೊದಲ ಸಲ ಬೆಲೆ ಬಂತು. ಸ್ಥಾವರ ಹಲವು ವರ್ಷ ನಡೆಯಿತು.

ಸಗಣಿ ಅದೇ, ಊರು ಅದೇ, ಜನ ಅವರೇ. ಮೊದಲ ಸಲ ಪುರದವರು ಹಳೆಯ ಕಾಲದವರು, ಎರಡನೆಯ ಸಲ ಮುಂದುವರಿದವರು ಎನ್ನಲು ಸಾಧ್ಯವೇ?

ಮನೆಯಲ್ಲಿ ಗ್ಯಾಸ್ ಇದ್ದರೂ ಸೌದೆ ಒಲೆ ಏಕೆ ಉರಿಯುತ್ತದೆ?

ಉಜ್ವಲ ಯೋಜನೆ 2016ರಲ್ಲಿ ಬಂದ ಮೇಲೆ ಸಿಲಿಂಡರ್ ಕಾಣದ ಮನೆ ಕಡಿಮೆ. ಆದರೂ ಹಿತ್ತಿಲಲ್ಲಿ ಹೊಗೆ ಏಳುತ್ತದೆ. ಸಿಲಿಂಡರ್ ತುಂಬಿಸುವ ದುಡ್ಡು ಮೊದಲ ಕಾರಣ, ಅದನ್ನು ಮರೆಮಾಚಿ ಸಂಸ್ಕೃತಿಯ ಮಾತಾಡಿದರೆ ಅನ್ಯಾಯ. ಎರಡನೆಯ ಕಾರಣ ಸ್ನಾನದ ಹಂಡೆ. ಅಷ್ಟು ನೀರನ್ನು ಗ್ಯಾಸಿನಲ್ಲಿ ಕಾಯಿಸುವುದು ಯಾರಿಗೂ ಗಿಟ್ಟುವುದಿಲ್ಲ, ತೆಂಗಿನ ಗರಿ, ಮಟ್ಟೆ, ಚಿಪ್ಪು ತೋಟದಲ್ಲೇ ಬಿದ್ದಿರುತ್ತವೆ. ಮೂರನೆಯದು ಮುದ್ದೆ. ಎಂಟು ಜನರ ಮುದ್ದೆಗೆ ಹಿಟ್ಟಿನ ಕೋಲು ಹಿಡಿದು ಎರಡೂ ತೋಳಿನ ಬಲ ಹಾಕಿ ತಿರುವಬೇಕು. ನೆಲದ ಒಲೆಯ ಮೇಲೆ ಪಾತ್ರೆ ಅಲುಗುವುದಿಲ್ಲ, ಕೂತು ಅಥವಾ ಬಗ್ಗಿ ಬಲ ಹಾಕಬಹುದು. ಕಟ್ಟೆಯ ಮೇಲಿನ ತೆಳುವಾದ ಗ್ಯಾಸ್ ಒಲೆಯ ಮೇಲೆ ಪಾತ್ರೆ ಜಾರುತ್ತದೆ. ಆ ಒಲೆಯನ್ನು ರೂಪಿಸಿದವರು ಮುದ್ದೆ ತಿರುವುವ ತೋಳನ್ನು ಕಂಡಿರಲಿಕ್ಕಿಲ್ಲ. ನಮ್ಮ ಹೆಂಗಸರು ಪಾತ್ರೆಯನ್ನು ಕೆಳಗಿಳಿಸಿ ಪಾದಗಳ ನಡುವೆ ಒತ್ತಿ ಹಿಡಿದು ತಿರುವುತ್ತಾರೆ, ಸುಟ್ಟುಕೊಳ್ಳುತ್ತಾರೆ.

ಅಸ್ತ್ರ ಒಲೆಯನ್ನು ಇಲ್ಲಿ ನೆನೆಯಬೇಕು. ಮೂರು ಪಾತ್ರೆ ಇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಆ ಒಲೆಯನ್ನು ರೂಪಿಸಿದವರು ಅದೇ ವಿಭಾಗದವರು. ಚೆನ್ನಾಗಿ ಕಟ್ಟಿದ ಕಡೆ ಅದು ಹೆಂಗಸರ ಕಣ್ಣು, ಎದೆ ಎರಡನ್ನೂ ಉಳಿಸಿತು. ಆದರೆ ಒಳಗಿನ ಅಳತೆ ತಪ್ಪಿದರೆ, ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆ ಮತ್ತೆ ಮನೆಯೊಳಗೆ. ಸೂರಿನ ಮೇಲೆ ಹತ್ತಿ ಮಸಿ ತೆಗೆಯುವುದು ಗಂಡಸರ ಕೆಲಸ, ಹೊಗೆ ಕುಡಿಯುವವರು ಹೆಂಗಸರು. ಆ ಕೆಲಸ ಏಕೆ ಮುಂದಕ್ಕೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ದೇಶಗಳಲ್ಲೂ ಹೀಗೆಯೇ ಆಗಿದೆಯೇ?

ಆಗಿದೆ. 1950ರ ದಶಕದಲ್ಲಿ ಪೆರು ದೇಶದ ಲಾಸ್ ಮೊಲಿನೋಸ್ ಎಂಬ ಹಳ್ಳಿಯಲ್ಲಿ ಸುಮಾರು 200 ಕುಟುಂಬಗಳಿದ್ದವು. ನೀರನ್ನು ಕುದಿಸಿ ಕುಡಿಯಿರಿ ಎಂದು ಆರೋಗ್ಯ ಕಾರ್ಯಕರ್ತೆಯೊಬ್ಬರು ಎರಡು ವರ್ಷ ಮನೆಮನೆ ತಿರುಗಿದರು. ಹೊಸದಾಗಿ ಒಪ್ಪಿದ್ದು 11 ಮನೆಗಳು. ಆ ಊರಿನ ನಂಬಿಕೆಯಲ್ಲಿ ಆಹಾರಕ್ಕೆಲ್ಲ ಉಷ್ಣ, ಶೀತ ಎಂಬ ಗುಣಗಳಿದ್ದವು. ಕುದಿಸಿದ ನೀರು ಕಾಯಿಲೆಯವರಿಗೆ ಮಾತ್ರ. ಗಟ್ಟಿಮುಟ್ಟಾದವರು ಅದನ್ನು ಕುಡಿಯುವುದೆಂದರೆ ನಾನು ರೋಗಿ ಎಂದು ಸಾರಿಕೊಂಡ ಹಾಗೆ. ಪರಂಗಿ ಉಷ್ಣ, ಎಳನೀರು ತಂಪು, ಬಾಣಂತಿಗೆ ತಣ್ಣೀರು ಕೂಡದು ಎಂದು ಕೇಳುತ್ತಾ ಬೆಳೆದ ನಮಗೆ ಆ ಪೆರುವಿನ ತಾಯಂದಿರ ಮನಸ್ಸು ಅರ್ಥವಾಗಬೇಕು.

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ‘ಪ್ಲೇಪಂಪ್’ ಇನ್ನೊಂದು. ಮಕ್ಕಳು ಕೂತು ಆಡುವ ತಿರುಗುಚಕ್ರ, ಅದು ತಿರುಗಿದಂತೆ ನೀರು ಮೇಲೇರುತ್ತದೆ. ಚಿತ್ರದಲ್ಲಿ ಬಹಳ ಚೆಂದ. ಮಕ್ಕಳಿಗೆ ಬೇಸರವಾದಾಗ, ಅವರು ಶಾಲೆಗೆ ಹೋದಾಗ ಮೊಜಾಂಬಿಕ್‌ನ ಹೆಂಗಸರು ಆ ಚಕ್ರವನ್ನು ಕೈಯಿಂದ ತಳ್ಳಿ ತಿರುಗಿಸಬೇಕಾಯಿತು. ಮಧ್ಯವಯಸ್ಸಿನ ಹೆಂಗಸೊಬ್ಬಳು ಎಲ್ಲರೆದುರು ಆಟದ ಚಕ್ರ ತಳ್ಳುವಾಗ ಅನುಭವಿಸುವ ಸಂಕೋಚವನ್ನು ಯಾವ ನಕ್ಷೆಯೂ ಲೆಕ್ಕ ಹಾಕಿರಲಿಲ್ಲ. ಹಳೆಯ ಕೈಪಂಪೇ ಅವರಿಗೆ ಹಿತವಾಗಿತ್ತು.

ಗೆದ್ದ ಕಥೆ ಕೆನ್ಯಾದ ಎಂ-ಪೆಸಾ. ಸ್ವಾಹಿಲಿಯಲ್ಲಿ ಪೆಸಾ ಎಂದರೆ ಹಣ. ನೈರೋಬಿಯಲ್ಲಿ ದುಡಿಯುವವರು ಊರಿನ ಹೆತ್ತವರಿಗೆ ದುಡ್ಡು ಕಳಿಸುವ ರೂಢಿ ಮೊದಲಿನಿಂದಲೂ ಇತ್ತು. ಬಸ್ಸಿನವರ ಕೈಯಲ್ಲಿ, ನೆಂಟರ ಕೈಯಲ್ಲಿ ಕಳಿಸುತ್ತಿದ್ದರು. 2007ರಲ್ಲಿ ಬಂದ ಮೊಬೈಲ್ ಸೇವೆ ಆ ಋಣದ ದಾರಿಯನ್ನೇ ಹಿಡಿಯಿತು, ಕೈಗೆ ಸಿಗುವ ಸಣ್ಣ ಅಂಗಡಿಗಳನ್ನೇ ತನ್ನ ಕೌಂಟರ್ ಮಾಡಿಕೊಂಡಿತು. ಅದೇ ಎಂ-ಪೆಸಾ 2013ರಲ್ಲಿ ಭಾರತಕ್ಕೂ ಬಂದು 2019ರ ಹೊತ್ತಿಗೆ ಬಾಗಿಲು ಮುಚ್ಚಿತು. ನಮ್ಮ ಬ್ಯಾಂಕಿಂಗ್ ನಿಯಮಗಳು ಬೇರೆ, ಅಷ್ಟರಲ್ಲಿ 2016ರಿಂದ ನೇರ ಬ್ಯಾಂಕ್ ಖಾತೆಗೇ ಬೆಸೆದ ಯುಪಿಐ ಬೇರೂರಿತ್ತು.

ಎಲ್ಲವನ್ನೂ ಕನ್ನಡಕ್ಕೆ ತಂದರೆ ಭಾಷೆಯ ತೊಡಕು ತೀರುತ್ತದೆಯೇ?

ಕನ್ನಡಕ್ಕೆ ತರುವುದು ಕನಿಷ್ಠ ಮರ್ಯಾದೆ, ಮೊದಲು ಅದಾಗಲಿ. ಆದರೆ ಯಾವ ಕನ್ನಡ? ‘ದೃಢೀಕರಣ ಸಂಕೇತವನ್ನು ನಮೂದಿಸಿ’ ಎಂಬ ವಾಕ್ಯವನ್ನು ಓದಿ ಪದವೀಧರರೇ ತಡವರಿಸುವುದನ್ನು ಕಂಡಿದ್ದೇನೆ. ‘ನಿಮ್ಮ ಫೋನಿಗೆ ಬಂದ ಆರು ಅಂಕಿಗಳನ್ನು ಇಲ್ಲಿ ಬರೆಯಿರಿ’ ಎಂದರೆ ಯಾರಿಗೂ ಕಷ್ಟವಿಲ್ಲ. ಪಾವಗಡದ ಬಹಳಷ್ಟು ಮನೆಗಳಲ್ಲಿ ಮಾತು ತೆಲುಗು, ಓದುವುದು ಕನ್ನಡ. ಅಲ್ಲಿಯ ಅಜ್ಜಿಗೆ ಅಕ್ಷರಕ್ಕಿಂತ ದನಿ ಹತ್ತಿರ. ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡದವರೂ ಧ್ವನಿ ಸಂದೇಶ ಕಳಿಸುತ್ತಾರೆ. ಬಂದ ಹಣವನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಸಂತೆಯ ಸೊಪ್ಪಿನ ವ್ಯಾಪಾರಿಗೆ ಧೈರ್ಯ ಕೊಟ್ಟದ್ದೂ ಇದೇ ಕಾರಣಕ್ಕೆ. ಕೊಟ್ಟವರೂ ಪಡೆದವರೂ ಒಟ್ಟಿಗೆ ಕೇಳಿಸಿಕೊಂಡ ಮಾತಿಗೆ ಸಾಕ್ಷಿ ಬೇಕಿಲ್ಲ.

ಹೆಂಗಸರ ಕೈಗೆ ಫೋನ್ ಬಂದರೆ ಸಾಕಲ್ಲವೇ?

ಫೋನ್ ಯಾರ ಕೈಯಲ್ಲಿದೆ ಎನ್ನುವುದರ ಜೊತೆಗೆ ಸಿಮ್ ಯಾರ ಹೆಸರಿನಲ್ಲಿದೆ, ಓಟಿಪಿ ಯಾರಿಗೆ ಬರುತ್ತದೆ ಎಂದೂ ನೋಡಬೇಕು. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರತೊಡಗಿದಾಗ ಈ ಪ್ರಶ್ನೆ ಎದುರಿಗೇ ನಿಂತಿತು. ಖಾತೆ ಅವಳದು, ಸಂದೇಶ ಹೋಗುವುದು ಮಗನ ಫೋನಿಗೆ. ತನ್ನ ಹೆಸರಿನ ಸಿಮ್ ಕೊಳ್ಳಲು ಎಷ್ಟೋ ಅಕ್ಕಂದಿರು ಅಂಗಡಿ ಮೆಟ್ಟಿಲು ಹತ್ತಿದ್ದನ್ನು ನಾನೇ ನೋಡಿದ್ದೇನೆ, ಜೊತೆಗೆ ಹೋಗಿದ್ದೇನೆ.

ನನ್ನ ತಪ್ಪೊಂದನ್ನೂ ಹೇಳಬೇಕು. ಸಂಘವೊಂದರ ಉಳಿತಾಯದ ಲೆಕ್ಕವನ್ನು ಪುಸ್ತಕದಿಂದ ಮೊಬೈಲ್ ಆ್ಯಪ್‌ಗೆ ಬದಲಿಸಿದೆ. ತಪ್ಪಿಲ್ಲದ ಲೆಕ್ಕ, ಬೇಗ ಮುಗಿಯುವ ಸಭೆ. ಮೂರನೆಯ ವಾರಕ್ಕೆ ಸದಸ್ಯೆಯರು ಬರುವುದು ಕಡಿಮೆಯಾಯಿತು, ಗುಸುಗುಸು ಶುರುವಾಯಿತು. ಕೊನೆಗೆ ಹಿರಿಯ ಸದಸ್ಯೆಯೊಬ್ಬರು ಹೇಳಿದರು: “ಅಕ್ಕ, ಪುಸ್ತಕ ಓದಿದರೆ ನಮಗೆಲ್ಲ ಕೇಳಿಸುತ್ತಿತ್ತು. ಈಗ ಲೆಕ್ಕ ನಿಮ್ಮ ಫೋನಿನೊಳಗೆ ಕೂತಿದೆ.” ವಾರವಾರ ಪುಸ್ತಕವನ್ನು ಗಟ್ಟಿಯಾಗಿ ಓದುವುದನ್ನು ನಾನು ಹೊತ್ತು ಕಳೆಯುವ ಕೆಲಸ ಎಂದುಕೊಂಡಿದ್ದೆ. ಯಾರು ಎಷ್ಟು ಕಟ್ಟಿದರು, ಯಾರ ಸಾಲ ಬಾಕಿ ಎಂದು ಹದಿನೈದು ಜನರ ಕಿವಿಗೆ ಬೀಳುವುದೇ ಆ ಸಂಘದ ಬೀಗವಾಗಿತ್ತು. ಅದನ್ನು ನಾನು ಕಿತ್ತುಹಾಕಿದ್ದೆ. ಈಗ ಪುಸ್ತಕ ಮರಳಿ ಬಂದಿದೆ. ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ, ಓದಿದ್ದನ್ನೇ ಇಬ್ಬರು ಸೇರಿ ಆ್ಯಪ್‌ಗೆ ಏರಿಸುತ್ತಾರೆ.

ಜಾತಿಗೂ ಯಂತ್ರಕ್ಕೂ ಏನು ಸಂಬಂಧ?

ಯಂತ್ರವನ್ನು ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದೇ ಸಂಬಂಧ. ಒಂದು ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವನ್ನು ದೇವಸ್ಥಾನದ ಪಕ್ಕದ ಖಾಲಿ ಜಾಗದಲ್ಲಿ ಕಟ್ಟಿದರು. ಜಾಗ ಸುಲಭವಾಗಿ ಸಿಕ್ಕಿತ್ತು, ಅಷ್ಟೇ ಕಾರಣ. ಕಾಲೊನಿಯ ಹೆಂಗಸರು ಅಲ್ಲಿಗೆ ಬರಲಿಲ್ಲ. ಯಾರೂ ಅವರನ್ನು ಬಾಯಿಬಿಟ್ಟು ತಡೆದಿರಲಿಲ್ಲ, ಸಾಲಿನಲ್ಲಿ ಬಿಂದಿಗೆ ತಾಗಿದರೆ ಏಳುವ ಮಾತಿನ ಭಯವೇ ಸಾಕಾಗಿತ್ತು. ‘ಅವರಿಗೆ ಶುದ್ಧ ನೀರಿನ ಅರಿವಿಲ್ಲ’ ಎಂದು ಸಮೀಕ್ಷೆಗೆ ಬಂದವರೊಬ್ಬರು ಬರೆದುಕೊಂಡಿದ್ದನ್ನು ಓದಿದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಅರಿವಿಲ್ಲದವರು ಯಾರು? ಎರಡು ಕೇರಿಗೂ ನಡುವಿನ ಶಾಲೆಯ ಬಳಿ ಕಟ್ಟಿದ್ದರೆ ಬೇರೆಯದೇ ಉತ್ತರ ಸಿಗುತ್ತಿತ್ತು.

ಅಂದಹಾಗೆ, ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು, ಮೂಳೆ ಎರಡೂ ಕೆಡುತ್ತವೆ. ಆದರೆ ಘಟಕದ ನೀರಿಗೆ ಕ್ಯಾನ್ ಹಿಡಿದು ಬರುವ ಅನೇಕರು ಹೇಳುವ ಕಾರಣ ಅದಲ್ಲ. ಈ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಕಾಫಿ ರುಚಿಯಾಗುತ್ತದೆ ಎನ್ನುತ್ತಾರೆ. ಕಾರಣ ಯಾವುದಾದರೇನು, ಮೂಳೆ ಉಳಿಯಲಿ.

ಕೊಳವೆಬಾವಿಗೆ ಪೂಜೆ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನೀರು ನೋಡುವುದು: ಇವೆಲ್ಲ ಅಡ್ಡಿಯಲ್ಲವೇ?

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಗಂಗೆಪೂಜೆ, ಆಯುಧಪೂಜೆಯಂದು ಟ್ರ್ಯಾಕ್ಟರಿಗೂ ಕಂಪ್ಯೂಟರಿಗೂ ಹಚ್ಚುವ ಕುಂಕುಮ, ಇವು ಹೊಸದನ್ನು ಮನೆಯದನ್ನಾಗಿ ಮಾಡಿಕೊಳ್ಳುವ ರೀತಿ. ಅದರಿಂದ ಯಾರಿಗೂ ನಷ್ಟವಿಲ್ಲ. ಕಾಯಿ ಎದ್ದು ನಿಂತ ಕಡೆ ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡವರ ಸಾಲ ಮಾತ್ರ ನಿಜವಾದದ್ದು. ಅಂಗೈಯ ಕಾಯಿ ನೀರನ್ನು ತೋರಿಸುವುದಿಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಆದರೂ ಜನ ನೀರು ನೋಡುವವರನ್ನು ಕರೆಯುತ್ತಾರೆ, ಏಕೆಂದರೆ ಅವರು ಕರೆದ ದಿನ ಬರುತ್ತಾರೆ, ಹೊಲದಲ್ಲಿ ನಡೆದಾಡುತ್ತಾರೆ, ಮನೆಯವರೊಂದಿಗೆ ಕೂತು ಉಣ್ಣುತ್ತಾರೆ. ಭೂವಿಜ್ಞಾನಿಗಳೂ ಅಷ್ಟು ಹತ್ತಿರ ಬರಲಿ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಆನ್‌ಲೈನ್ ಬಂದ ಮೇಲೆ ದಲ್ಲಾಳಿ ಏಕೆ ಹೋಗಲಿಲ್ಲ?

ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಟವೆಲ್ ಮುಚ್ಚಿ ಬೆರಳು ಹಿಡಿದು ಬೆಲೆ ಕುದುರಿಸಿದ ಜಿಲ್ಲೆ ಇದು. ಬೆಲೆ ಇಬ್ಬರ ನಡುವಿನ ಗುಟ್ಟಾಗಿತ್ತು. ಕರ್ನಾಟಕ 2014ರಿಂದ ಕೃಷಿ ಮಾರುಕಟ್ಟೆಗಳನ್ನು ಆನ್‌ಲೈನ್ ಟೆಂಡರ್‌ಗೆ ತಂದಾಗ ಬೆಲೆ ಪರದೆಯ ಮೇಲೆ ಬಯಲಾಯಿತು, ಅದು ಒಳ್ಳೆಯದೇ ಆಯಿತು. ಆದರೆ ಬೆಲೆ ಹೇಳುವುದು ದಲ್ಲಾಳಿಯ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಉಂಡೆ ಕೊಬ್ಬರಿಯಾಗಲು ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಕೂರಬೇಕು. ಆ ವರ್ಷದಲ್ಲಿ ಮದುವೆ ಬರುತ್ತದೆ, ಆಸ್ಪತ್ರೆ ಬರುತ್ತದೆ. ಅಟ್ಟದ ಮೇಲಿನ ಕಾಯಿಯನ್ನು ನಂಬಿ ರಾತ್ರಿ ಹತ್ತಕ್ಕೂ ಮುಂಗಡ ಕೊಡುವವರು ದಲ್ಲಾಳಿ. ಪರದೆಗೆ ಆ ಬಾಗಿಲು ಇಲ್ಲ.

ಪಾವಗಡದ ಸೋಲಾರ್ ಪಾರ್ಕ್‌ಗೆ ರೈತರು ಅಷ್ಟೊಂದು ಜಮೀನನ್ನು ಹೇಗೆ ಬಿಟ್ಟುಕೊಟ್ಟರು?

ಬಿಟ್ಟುಕೊಡಲಿಲ್ಲ, ಗುತ್ತಿಗೆಗೆ ಕೊಟ್ಟರು. ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ನಿಂತಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಏರುವ ಕರಾರು. ಪಹಣಿಯಲ್ಲಿ ಹೆಸರು ಉಳಿಯಿತು. ಅಪ್ಪನ ಜಮೀನು ಮಾರಿದ ಎಂಬ ಮಾತು ಬರಲಿಲ್ಲ. ನೆಲದ ಬಗ್ಗೆ ಜನರಿಗಿರುವ ಭಾವವನ್ನು ಅರಿತು ಮಾಡಿದ ವ್ಯವಸ್ಥೆ ಇದು ಎಂದು ಮೆಚ್ಚುತ್ತೇನೆ. ಆದರೆ ಪಹಣಿಯೇ ಇಲ್ಲದವರಿಗೆ ಬಾಡಿಗೆಯೂ ಇಲ್ಲ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು, ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವರು ಬೇಲಿಯ ಹೊರಗೆ ಉಳಿದರು.

ತಂತ್ರಜ್ಞಾನವೂ ಸಂಸ್ಕೃತಿಯನ್ನು ಬದಲಿಸುತ್ತದಲ್ಲವೇ?

ಬದಲಿಸುತ್ತದೆ, ಕೆಲವೊಮ್ಮೆ ನೋವಾಗುವಷ್ಟು. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಗಳ ಜ್ಞಾನ ಕೊಳವೆಬಾವಿ ಬಂದ ಮೇಲೆ ಬೇಡವಾಯಿತು. ಪ್ರತಿ ಹೊಲಕ್ಕೂ ಅದರದೇ ಸ್ವಿಚ್ ಬಂದಾಗ ಎಲ್ಲರೂ ಕೂಡಿ ಕೆರೆಯ ಹೂಳೆತ್ತುವ ಅಭ್ಯಾಸವೂ ಸಡಿಲಿತು. ಎಲ್ಲರೂ ಕಣ್ಣುಮುಚ್ಚಿ ಒಪ್ಪಿದ ತಂತ್ರಜ್ಞಾನವೇ ನಮ್ಮನ್ನು ಹೆಚ್ಚು ಬತ್ತಿಸಿತು.

ಹಾಗಾದರೆ ಎಲ್ಲಕ್ಕೂ ಸಂಸ್ಕೃತಿಯೇ ಕಾರಣವೇ?

ಖಂಡಿತ ಅಲ್ಲ. ಮೂರು ಫೇಸ್ ವಿದ್ಯುತ್ ನಡುರಾತ್ರಿ ಬರುವ ಊರಿನಲ್ಲಿ, ನೆಟ್‌ವರ್ಕ್‌ಗಾಗಿ ಮಾಳಿಗೆ ಹತ್ತುವ ಊರಿನಲ್ಲಿ ಸಂಸ್ಕೃತಿಯನ್ನು ದೂರುವುದು ಸುಳ್ಳು. ಮೊದಲು ತಂತಿ, ರಸ್ತೆ, ರಿಪೇರಿ, ಬೆಲೆ ನೋಡಿ.

ಸಂಘದ ಸಭೆಯನ್ನು ನೋಡಲು ಬರಬಹುದೇ?

ಬನ್ನಿ. ಗುರುವಾರ ರಾತ್ರಿ ಎಂಟರ ಮೇಲೆ, ಮುದ್ದೆ ಉಂಡು ಪಾತ್ರೆ ತೊಳೆದ ಮೇಲೆ ಸೇರುತ್ತಾರೆ. ನಿಮ್ಮ ಸಾಧನವನ್ನು ಮೊದಲ ಸಲ ತರಬೇಡಿ, ಎರಡು ಮೂರು ವಾರ ಸುಮ್ಮನೆ ಬಂದು ಕೂತುಕೊಳ್ಳಿ. ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿರುವಾಗ ನಡುವೆ ಮಾತನಾಡಬೇಡಿ.